ಸಭಿಕನಿಂದ ಯಂತ್ರದವರೆಗೆ: ಬಸವಕಲ್ಯಾಣ–ಹುಮನಾಬಾದ ಪರಿಸರದಲ್ಲಿ ಜೂಜು ಮತ್ತು ರಾಜ್ಯನಿಯಂತ್ರಣ

ಪ್ರವೇಶ

ಕರ್ನಾಟಕದ ಉತ್ತರದ ತುದಿಯಲ್ಲಿರುವ ಬೀದರ ಜಿಲ್ಲೆಯ ಬಸವಕಲ್ಯಾಣ ಹಾಗೂ ಹುಮನಾಬಾದ ತಾಲೂಕುಗಳ ಇತಿಹಾಸವನ್ನು ಕುರಿತ ಅಧ್ಯಯನಗಳು ಸಾಮಾನ್ಯವಾಗಿ ಚಾಲುಕ್ಯರ ರಾಜಧಾನಿ, ಶರಣರ ಚಳವಳಿ, ಕೋಟೆಕೊತ್ತಲ, ಜಾಗೀರು ಆಡಳಿತ ಮತ್ತು ಹೈದರಾಬಾದ್ ವಿಮೋಚನೆ ಎಂಬ ವಿಷಯಗಳ ಸುತ್ತ ನಡೆದಿವೆ. ಜನರ ದಿನನಿತ್ಯದ ಬದುಕನ್ನು ರಾಜ್ಯವು ಯಾವ ರೀತಿ ಹಿಡಿತದಲ್ಲಿಡಲು ಯತ್ನಿಸಿತು ಎಂಬ ದೃಷ್ಟಿಯಿಂದ ಈ ಪ್ರದೇಶವನ್ನು ನೋಡಿದ ಪ್ರಯತ್ನಗಳು ವಿರಳ. ಅಂಥ ಒಂದು ವಿಷಯ ಜೂಜು. ಮಟಕಾ ಚೀಟಿ, ಆನ್‌ಲೈನ್ ಲಾಟರಿಯ ಯಂತ್ರ, ವಿಡಿಯೊ ಗೇಮ್ ಕೇಂದ್ರ, ಮೊಬೈಲಿನಲ್ಲಿ ಆಡುವ ಹಣದ ಆಟ ಇವೆಲ್ಲವೂ ಈಚಿನ ದಶಕಗಳಲ್ಲಿ ಸರ್ಕಾರಗಳಿಗೆ ತಲೆನೋವಾದ ಸಮಸ್ಯೆಗಳು. ಇವುಗಳನ್ನು ಪೂರ್ಣವಾಗಿ ನಿಷೇಧಿಸಬೇಕೆ, ಅಥವಾ ಕಟ್ಟುಪಾಡುಗಳಿಗೆ ಒಳಪಡಿಸಿ ನಡೆಯಗೊಡಬೇಕೆ ಎಂಬ ಚರ್ಚೆ ಇಂದಿನದೆಂಬ ಭಾವನೆ ವ್ಯಾಪಕವಾಗಿದೆ.

ವಾಸ್ತವದಲ್ಲಿ ಈ ಚರ್ಚೆಯನ್ನು ಶಾಸ್ತ್ರೀಯವಾಗಿ ಕೈಗೆತ್ತಿಕೊಂಡು ನಿರ್ಣಯ ಹೇಳಿದ ಮಹತ್ವದ ಗ್ರಂಥವೊಂದು ಸುಮಾರು ಒಂಬತ್ತು ನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿಯೇ ರಚಿತವಾಯಿತು. ಅದು ವಿಜ್ಞಾನೇಶ್ವರನ ಮಿತಾಕ್ಷರ. ದಾಯಭಾಗ ಮತ್ತು ಉತ್ತರಾಧಿಕಾರದ ವಿಷಯದಲ್ಲಿ ಈ ಗ್ರಂಥಕ್ಕೆ ದೊರೆತ ಕೀರ್ತಿಯಿಂದಾಗಿ ಅದರ ದ್ಯೂತಪ್ರಕರಣ ಬಹುತೇಕ ಮರೆಯಲ್ಲಿ ಉಳಿದಿದೆ. ಆ ಪ್ರಕರಣದಿಂದ ಆರಂಭಿಸಿ, ನಿಜಾಮರ ಆಡಳಿತ, 1956ರ ರಾಜ್ಯ ಪುನರ್ವಿಂಗಡಣೆ, ಪೊಲೀಸ್ ಅಧಿನಿಯಮ, ಲಾಟರಿ, ಯಂತ್ರ ಹಾಗೂ ಮೊಬೈಲ್ ಆಟಗಳವರೆಗೆ ಈ ಪರಿಸರಕ್ಕೆ ಅನ್ವಯವಾದ ಕಾನೂನುಗಳ ನಡೆಯನ್ನು ಗುರುತಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಕಾನೂನು ಯಾರನ್ನು ಅಪರಾಧಿಯೆಂದು ಗುರುತಿಸಿತು, ಆಡುವವನನ್ನೋ ಆಡಿಸುವವನನ್ನೋ ಎಂಬ ಪ್ರಶ್ನೆಯೇ ಈ ವಿವೇಚನೆಯ ಕೇಂದ್ರ.

ಕಲ್ಯಾಣದ ಶಾಸ್ತ್ರಗ್ರಂಥಗಳಲ್ಲಿ ದ್ಯೂತ

ಕಲ್ಯಾಣವು ಚಾಲುಕ್ಯರ ರಾಜಧಾನಿಯಾದದ್ದು 11ನೆಯ ಶತಮಾನದಲ್ಲಿ, ಒಂದನೆಯ ಸೋಮೇಶ್ವರನ ಕಾಲದಲ್ಲಿ. ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ಅದು ವಿದ್ವಾಂಸರ ನೆಲೆಯಾಯಿತು. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ತನ್ನ ಗ್ರಂಥದ ಕೊನೆಯಲ್ಲಿ ಕಲ್ಯಾಣ ನಗರವನ್ನೂ ವಿಕ್ರಮಾದಿತ್ಯನನ್ನೂ ಹೊಗಳಿದ್ದಾನೆ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು (1126–1138) ಮಾನಸೋಲ್ಲಾಸವನ್ನು ರಚಿಸಿದನು. ಈ ಎರಡು ಸಂಸ್ಕೃತ ಗ್ರಂಥಗಳು ಜೂಜನ್ನು ಎರಡು ಬೇರೆ ಬೇರೆ ದೃಷ್ಟಿಗಳಿಂದ ನೋಡುತ್ತವೆ. ಮಾನಸೋಲ್ಲಾಸಕ್ಕೆ ಅದು ಅರಮನೆಯ ವಿನೋದ. ಕೋಳಿ, ಲಾವುಗೆ, ಟಗರು, ಕೋಣಗಳ ಕಾಳಗಗಳು ಅದರ ವಿನೋದಗಳ ಸಾಲಿನಲ್ಲಿಯೂ, ಚದುರಂಗ, ಪಗಡೆ, ಕವಡೆಯ ಆಟಗಳು ಕ್ರೀಡೆಗಳ ಸಾಲಿನಲ್ಲಿಯೂ ವರ್ಣಿತವಾಗಿವೆ. ಮಿತಾಕ್ಷರಕ್ಕಾದರೋ ಅದು ವ್ಯವಹಾರದ, ಅಂದರೆ ನ್ಯಾಯಾಡಳಿತದ ವಿಷಯ.

ಧರ್ಮಶಾಸ್ತ್ರಗಳು ಜೂಜನ್ನು ಎರಡಾಗಿ ವಿಂಗಡಿಸಿದವು. ದಾಳ, ಕವಡೆ ಮೊದಲಾದ ಜೀವವಿಲ್ಲದ ವಸ್ತುಗಳಿಂದ ಪಣವಿಟ್ಟು ಆಡುವುದು ದ್ಯೂತ. ಕೋಳಿ, ಟಗರು ಮೊದಲಾದ ಪ್ರಾಣಿಗಳನ್ನು ಕಾದಾಡಿಸಿ ಪಣವೊಡ್ಡುವುದು ಸಮಾಹ್ವಯ. ಹಳಗನ್ನಡದಲ್ಲಿ ಇದಕ್ಕೆ ‘ಜೂದು’, ‘ನೆತ್ತ’ ಎಂಬ ಮಾತುಗಳಿವೆ. ಮನುವಿನ ನಿಲುವು ಕಠಿಣವಾದುದು. ಆತನ ಪ್ರಕಾರ ಎರಡೂ ಬಗೆಯ ಜೂಜು ಹಗಲುದರೋಡೆಗೆ ಸಮ. ಅರಸನು ಅವನ್ನು ತನ್ನ ನಾಡಿನಿಂದ ಹೊರಗಟ್ಟಬೇಕು, ಆಡುವವರನ್ನೂ ಆಡಿಸುವವರನ್ನೂ ಶಿಕ್ಷಿಸಬೇಕು. ಇದಕ್ಕೆ ಪ್ರತಿಯಾಗಿ ಕೌಟಿಲ್ಯನ ಅರ್ಥಶಾಸ್ತ್ರವು ದ್ಯೂತಾಧ್ಯಕ್ಷನೆಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಒಂದೇ ಸ್ಥಳದಲ್ಲಿ ಆಟ ನಡೆಯಬೇಕೆಂದೂ, ಬೇರೆಡೆ ಆಡಿದವರಿಗೆ ದಂಡವೆಂದೂ ವಿಧಿಸುತ್ತದೆ.

ಯಾಜ್ಞವಲ್ಕ್ಯನದು ಈ ಎರಡನೆಯ ಮಾರ್ಗ. ಆತನ ವ್ಯವಸ್ಥೆಯಲ್ಲಿ ಜೂಜುಮನೆಯನ್ನು ನಡೆಸುವವನಿಗೆ ಸಭಿಕ ಎಂದು ಹೆಸರು. ಪಣದ ಗಳಿಕೆ ನೂರು ಅಥವಾ ಅದಕ್ಕೂ ಹೆಚ್ಚಾದಲ್ಲಿ ಗೆದ್ದವನಿಂದ ನೂರಕ್ಕೆ 5, ಇತರರಿಂದ ನೂರಕ್ಕೆ 10 ಪಡೆಯುವ ಹಕ್ಕು ಸಭಿಕನಿಗೆ ಇದೆ. ಅರಸನ ರಕ್ಷಣೆಗೆ ಪ್ರತಿಯಾಗಿ ಆತನು ಗೊತ್ತುಪಡಿಸಿದ ಪಾಲನ್ನು ಅರಸನಿಗೆ ಸಲ್ಲಿಸಬೇಕು. ಸೋತವನಿಂದ ಹಣ ವಸೂಲು ಮಾಡಿ ಗೆದ್ದವನಿಗೆ ಕೊಡಬೇಕು, ಮಾತಿಗೆ ತಪ್ಪಬಾರದು. ಅರಸನ ಪಾಲು ಸಂದ, ಎಲ್ಲರಿಗೂ ಗೊತ್ತಿರುವ, ಸಭಿಕನಿರುವ ಸ್ಥಳದಲ್ಲಿ ಗೆದ್ದ ಹಣವನ್ನು ಮಾತ್ರ ಅರಸನು ಕೊಡಿಸಿಕೊಡುವನು. ಗುಟ್ಟಾಗಿ ಆಡಿದ ಆಟದ ಹಣಕ್ಕೆ ರಾಜ್ಯದ ಬೆಂಬಲವಿಲ್ಲ. ಮೋಸದ ದಾಳದಿಂದ ಆಡಿದವರಿಗೆ ಮುದ್ರೆಯೊತ್ತಿ ಗಡೀಪಾರು ಮಾಡಬೇಕು. ಕಳ್ಳರನ್ನು ಪತ್ತೆಹಚ್ಚಲು ಅನುಕೂಲವಾಗುವಂತೆ ಜೂಜು ಒಂದೇ ಮೇಲಧಿಕಾರಕ್ಕೆ ಒಳಪಟ್ಟಿರಬೇಕು. ಪ್ರಾಣಿಗಳ ಪಂದ್ಯಕ್ಕೂ ಇದೇ ವಿಧಿ.

ವ್ಯಾಖ್ಯಾನಕಾರನಾದ ವಿಜ್ಞಾನೇಶ್ವರನ ಎದುರಿಗಿದ್ದ ಸಮಸ್ಯೆ ಸ್ಪಷ್ಟವಾದುದು. ಒಂದು ಸ್ಮೃತಿ ನಿಷೇಧಿಸುತ್ತದೆ, ಇನ್ನೊಂದು ನಿಯಮಿಸುತ್ತದೆ. ಎರಡೂ ಪ್ರಮಾಣವೇ ಆಗಿರುವಾಗ ಯಾವುದನ್ನು ಅನುಸರಿಸಬೇಕು? ಮನುವಿನ ನಿಷೇಧವು ಮೋಸದ ದಾಳದ ಆಟಕ್ಕೂ, ರಾಜನ ಅಧ್ಯಕ್ಷನಾಗಲಿ ಸಭಿಕನಾಗಲಿ ಇಲ್ಲದೆ ನಡೆಯುವ ಆಟಕ್ಕೂ ಅನ್ವಯಿಸುತ್ತದೆ ಎಂದು ಆತನು ಸಮನ್ವಯ ಮಾಡುತ್ತಾನೆ. ಇದರಿಂದ ನಿಷೇಧ ಮತ್ತು ನಿಯಂತ್ರಣಗಳು ಪರಸ್ಪರ ವಿರೋಧಿಗಳಾಗದೆ ಒಂದೇ ವ್ಯವಸ್ಥೆಯ ಎರಡು ಭಾಗಗಳಾಗುತ್ತವೆ. ಮೇಲ್ವಿಚಾರಣೆಗೆ ಒಳಪಟ್ಟದ್ದು ನಡೆಯಬಹುದು, ತಪ್ಪಿಸಿಕೊಂಡದ್ದು ದಂಡನೀಯ.

ಈ ವ್ಯವಸ್ಥೆಯಲ್ಲಿ ಮೂರು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ಕೇವಲ ಆಡಿದ ಕಾರಣಕ್ಕೆ ಆಟಗಾರನು ಅಪರಾಧಿಯಲ್ಲ. ಎರಡನೆಯದಾಗಿ, ಆಡಿಸುವವನ ಪಾಲಿಗೆ ಮಿತಿಯಿದೆ, ಆ ಮಿತಿ ಎಲ್ಲರಿಗೂ ತಿಳಿದಿರುತ್ತದೆ. ಮೂರನೆಯದಾಗಿ, ಆಟದ ಸಾಧನದ ಪ್ರಾಮಾಣಿಕತೆಯನ್ನು ಕಾಯುವುದು ರಾಜ್ಯದ ಹೊಣೆ. ಆದರೆ ಇದರ ದೋಷವನ್ನೂ ಮರೆಯಲಾಗದು. ಅರಸನು ಪಾಲುದಾರನಾದೊಡನೆ ಆಟ ಹೆಚ್ಚಿದಷ್ಟೂ ಬೊಕ್ಕಸಕ್ಕೆ ಲಾಭ. ಪ್ರಜೆಯ ನಷ್ಟದಲ್ಲಿ ರಾಜ್ಯಕ್ಕೆ ಆದಾಯ ಕಾಣತೊಡಗಿದರೆ ಕಾವಲುಗಾರನ ನಿಷ್ಠೆ ಇಬ್ಬಗೆಯಾಗುತ್ತದೆ. ಇದೇ ಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು ಕಾಯಕವನ್ನು, ಅಂದರೆ ದುಡಿಮೆಯಿಂದ ಬಂದ ಗಳಿಕೆಯನ್ನು ಮಾತ್ರ ಶುದ್ಧವೆಂದು ಎತ್ತಿಹಿಡಿದರು. ದುಡಿಯದೆ ಬಂದ ಹಣದ ಬಗೆಗಿನ ಈ ಅವಿಶ್ವಾಸವು ಮಿತಾಕ್ಷರದ ಆಡಳಿತದೃಷ್ಟಿಗಿಂತ ಭಿನ್ನವಾದ ನೈತಿಕದೃಷ್ಟಿ. ಮುಂದಿನ ಕಾಲದ ಕಾನೂನುಗಳಲ್ಲಿ ಈ ಎರಡೂ ದೃಷ್ಟಿಗಳ ಎಳೆದಾಟ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ.

ನಿಜಾಮರ ಕಾಲ: 1305 ಫಸಲಿಯ ಕಾಯಿದೆ

ಬಹಮನಿ, ಬರೀದಶಾಹಿ ಹಾಗೂ ಮೊಗಲರ ಆಡಳಿತಗಳ ನಂತರ ಈ ಪ್ರದೇಶ ಹೈದರಾಬಾದ್ ನಿಜಾಮರಿಗೆ ಸೇರಿತು. ಕಲ್ಯಾಣಿಯು ನವಾಬರ ಜಾಗೀರಾಗಿತ್ತು. ಬೀದರ ಸೀಮೆಯ ಸಾಕಷ್ಟು ಭಾಗ ಜಾಗೀರು ಮತ್ತು ಪಾಯಿಗಾ ಆಡಳಿತದಲ್ಲಿತ್ತು. ಬ್ರಿಟಿಷ್ ಭಾರತದಲ್ಲಿ 1867ರ ಸಾರ್ವಜನಿಕ ಜೂಜು ಅಧಿನಿಯಮ ಜಾರಿಗೆ ಬಂದ ಮೂರು ದಶಕಗಳೊಳಗೆ ಹೈದರಾಬಾದ್ ಸಂಸ್ಥಾನವೂ ತನ್ನದೇ ಆದ ಜೂಜು ಕಾಯಿದೆಯನ್ನು ಮಾಡಿತು. ಅದು 1305 ಫಸಲಿಯ 2ನೆಯ ಕಾಯಿದೆ. ಕ್ರಿಸ್ತಶಕದ ಲೆಕ್ಕದಲ್ಲಿ 1895–96.

ಈ ಕಾಯಿದೆಯೊಡನೆ ಜೂಜಿನ ಕಾನೂನಿನ ಸ್ವರೂಪವೇ ಬದಲಾಯಿತು. ಯಾಜ್ಞವಲ್ಕ್ಯನ ಸಭಿಕನು ರಾಜ್ಯದ ಮಾನ್ಯತೆ ಪಡೆದ ವ್ಯಕ್ತಿ. ಹೊಸ ಕಾನೂನಿನಲ್ಲಿ ಜೂಜುಮನೆಯನ್ನು ನಡೆಸುವವನೇ ಅಪರಾಧಿ. ಆತನೊಡನೆ ಅಲ್ಲಿ ಆಡುತ್ತ ಸಿಕ್ಕವನೂ ಶಿಕ್ಷಾರ್ಹ. ಆದರೆ ಹಳೆಯ ಪ್ರಶ್ನೆಯ ಒಂದು ಎಳೆ ಉಳಿದುಬಂದಿತು. ಒಂದು ಮನೆಯು ಜೂಜುಮನೆಯೆನಿಸಲು ಅಲ್ಲಿ ಆಟ ನಡೆದರಷ್ಟೇ ಸಾಲದು, ಮನೆಯ ಒಡೆಯನು ಅದರಿಂದ ಲಾಭ ಪಡೆಯುತ್ತಿರಬೇಕು. ಸಭಿಕನ ಪಾಲು ಎಷ್ಟಿರಬೇಕೆಂಬ ಪ್ರಶ್ನೆಯ ಸ್ಥಾನದಲ್ಲಿ ಅಂಥ ಪಾಲು ಇದೆಯೋ ಇಲ್ಲವೋ ಎಂಬ ಪ್ರಶ್ನೆ ಬಂದಿತು.

ಈ ಕಾಯಿದೆಯ ಅರ್ಥವನ್ನು ಖಚಿತಪಡಿಸಿದ ತೀರ್ಪು ಬಂದದ್ದು ಸಂಸ್ಥಾನ ಅಳಿದ ಬಹಳ ಕಾಲದ ಮೇಲೆ. 1963ರಲ್ಲಿ ಸಿಕಂದರಾಬಾದಿನ ಕ್ಲಬ್ಬೊಂದರಲ್ಲಿ ರಮ್ಮಿ ಆಡುತ್ತಿದ್ದವರ ಮೇಲೆ ನಡೆದ ದಾಳಿಯ ಪ್ರಕರಣ ಸರ್ವೋಚ್ಚ ನ್ಯಾಯಾಲಯವನ್ನು ತಲುಪಿತು. ಆಂಧ್ರಪ್ರದೇಶ ರಾಜ್ಯ ಮತ್ತು ಕೆ. ಸತ್ಯನಾರಾಯಣ ಪ್ರಕರಣವೆಂದು ಪ್ರಸಿದ್ಧವಾದ ಇದರಲ್ಲಿ 1967ರ ನವೆಂಬರ್ 22ರಂದು ತೀರ್ಪು ಹೊರಬಿದ್ದಿತು. ಬಿದ್ದ ಎಲೆಗಳನ್ನು ನೆನಪಿಡಬೇಕಾದ, ಎಲೆಗಳನ್ನು ಕಟ್ಟುವ ಜಾಣ್ಮೆ ಬೇಕಾದ ರಮ್ಮಿಯು ಪ್ರಧಾನವಾಗಿ ಕೌಶಲದ ಆಟ. ಮೂರು ಎಲೆಗಳ ಆಟದಂತೆ ಬರಿಯ ಅದೃಷ್ಟದ ಆಟವಲ್ಲ. ಕ್ಲಬ್ಬು ಇಸ್ಪೀಟಿಗಾಗಿ, ಆಸನಕ್ಕಾಗಿ ಪಡೆಯುವ ಅಲ್ಪ ಶುಲ್ಕ ಜೂಜುಮನೆಯ ಲಾಭವೆನಿಸದು. ಹೀಗೆ 1305 ಫಸಲಿಯ ಕಾಯಿದೆಯ ಮೇಲಿನ ತೀರ್ಪೊಂದು ದೇಶದಾದ್ಯಂತ ಕೌಶಲ ಮತ್ತು ಅದೃಷ್ಟ ಎಂಬ ವಿಭಜನೆಗೆ ಆಧಾರವಾಯಿತು. ಇಂದಿನ ಮೊಬೈಲ್ ರಮ್ಮಿಯ ವಾದಗಳೂ ಇದರಿಂದಲೇ ಹೊರಟವು.

ಸಂಸ್ಥಾನದ ನೀತಿಯಲ್ಲಿ ಇಬ್ಬಗೆಯೂ ಇದ್ದಿತು. ಗಲ್ಲಿಯ ಜೂಜನ್ನು ಅಪರಾಧವೆಂದ ಹೈದರಾಬಾದ್ ಆಡಳಿತವೇ 1358 ಫಸಲಿಯಲ್ಲಿ (1948–49) ಕುದುರೆ ಪಂದ್ಯ ಮತ್ತು ಬಾಜಿಯ ಮೇಲೆ ತೆರಿಗೆ ವಿಧಿಸುವ ನಿಬಂಧನೆಯನ್ನು ಮಾಡಿತು. ಮೈಸೂರು ಸಂಸ್ಥಾನದಲ್ಲಿ 1932ರಲ್ಲಿಯೇ ಬಾಜಿ ತೆರಿಗೆಯ ಕಾಯಿದೆ ಬಂದಿತ್ತು. ಸಿರಿವಂತರ ಮೈದಾನದ ಪಣಕ್ಕೆ ತೆರಿಗೆ, ಬಡವನ ಅಂಗಳದ ಪಣಕ್ಕೆ ದಂಡ ಎಂಬ ಈ ಅಂತರ ಮುಂದಿನ ಕಾನೂನಿನಲ್ಲಿಯೂ ಉಳಿಯಿತು.

ಪುನರ್ವಿಂಗಡಣೆ ಮತ್ತು ಗಡಿಯ ಸಮಸ್ಯೆ

1956ರ ನವೆಂಬರ್ 1ರಂದು ಬೀದರ ಜಿಲ್ಲೆ ಹರಿದುಹಂಚಿಹೋಯಿತು. ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೂ, ಪೂರ್ವದ ಕೆಲವು ಭಾಗಗಳು ಆಂಧ್ರಪ್ರದೇಶಕ್ಕೂ ಸೇರಿದವು. ಕಲ್ಯಾಣ, ಹುಮನಾಬಾದ, ಭಾಲ್ಕಿ, ಔರಾದ, ಬೀದರ ಮೈಸೂರು ರಾಜ್ಯದಲ್ಲಿ ಉಳಿದವು. ಅಲ್ಲಿಯವರೆಗೆ ಒಂದೇ ಕಾನೂನಿನಡಿ ಇದ್ದ ನೆರೆಹೊರೆಯ ಊರುಗಳು ಕಾಲಕ್ರಮದಲ್ಲಿ ಮೂರು ಬೇರೆ ಕಾನೂನುಗಳಿಗೆ ಒಳಪಟ್ಟವು. ಬಸವಕಲ್ಯಾಣದ ಆಚೆಯ ಉಮರಗಾದಲ್ಲಿ 1887ರ ಮುಂಬಯಿ ಜೂಜು ತಡೆ ಅಧಿನಿಯಮ; ಹುಮನಾಬಾದದ ಪೂರ್ವಕ್ಕಿರುವ ಜಹೀರಾಬಾದಿನಲ್ಲಿ 1974ರ ಆಂಧ್ರಪ್ರದೇಶ ಗೇಮಿಂಗ್ ಅಧಿನಿಯಮ; ಇತ್ತ 1963ರ ಮೈಸೂರು, ಇಂದಿನ ಕರ್ನಾಟಕ, ಪೊಲೀಸ್ ಅಧಿನಿಯಮ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಬಾಜಿ ಮತ್ತು ಜೂಜು ರಾಜ್ಯಪಟ್ಟಿಯ 34ನೆಯ ನಮೂದಾಗಿರುವುದರಿಂದ ಈ ಭಿನ್ನತೆ ಸಹಜ. ಆದರೆ ಗಡಿಯ ಊರುಗಳಲ್ಲಿ ಅದರ ಪರಿಣಾಮ ವಿಶೇಷವಾದುದು. ಕಾನೂನು ಗಡಿಯಲ್ಲಿ ನಿಲ್ಲುತ್ತದೆ, ಆಟ ನಿಲ್ಲುವುದಿಲ್ಲ.

ಗಡಿಯನ್ನು ದಾಟುವ ಪಣದ ಸಮಸ್ಯೆ ಆಗಲೇ ನ್ಯಾಯಾಲಯದ ಗಮನಕ್ಕೆ ಬಂದಿತ್ತು. ಬೆಂಗಳೂರಿನಿಂದ ಪ್ರಕಟವಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಪತ್ರಿಕೆಯ ಬಹುಮಾನ ಸ್ಪರ್ಧೆಗಳು ಮುಂಬಯಿ ರಾಜ್ಯದಲ್ಲಿ ಅಪಾರ ಪ್ರಚಾರ ಪಡೆದಿದ್ದವು. ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಪ್ರಕರಣದಲ್ಲಿ 1957ರ ಏಪ್ರಿಲ್ 9ರಂದು ಸರ್ವೋಚ್ಚ ನ್ಯಾಯಾಲಯವು ಮುಂಬಯಿ ರಾಜ್ಯದ ಅಧಿಕಾರವನ್ನು ಎತ್ತಿಹಿಡಿಯಿತು. ಜೂಜು ಎಂಬುದು ಸಂವಿಧಾನವು ರಕ್ಷಿಸುವ ವ್ಯಾಪಾರವೇ ಅಲ್ಲ ಎಂದು ಸ್ಪಷ್ಟಪಡಿಸಿತು. ಈ ತೀರ್ಪಿಗೆ ಆಧಾರ ಒದಗಿಸುವಾಗ ನ್ಯಾಯಾಲಯವು ಪ್ರಾಚೀನ ಧರ್ಮಶಾಸ್ತ್ರಗಳ ಕಡೆಗೂ ನೋಡಿತೆಂಬುದು ಉಲ್ಲೇಖನೀಯ.

ಪೊಲೀಸ್ ಅಧಿನಿಯಮ ಮತ್ತು ಮಟಕಾ

ಏಕೀಕರಣದ ನಂತರ ಹಳೆಯ ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು ಪ್ರದೇಶಗಳ ಬೇರೆ ಬೇರೆ ಕಾಯಿದೆಗಳ ಸ್ಥಾನದಲ್ಲಿ 1963ರ ಪೊಲೀಸ್ ಅಧಿನಿಯಮ ಬಂದಿತು. ಜೂಜುಮನೆ ನಡೆಸುವುದು 79ನೆಯ ಪ್ರಕರಣ, ಅಲ್ಲಿ ಸಿಕ್ಕುವುದು 80ನೆಯದು, ಬೀದಿಯಲ್ಲಿ ಆಡುವುದು 87ನೆಯದು. ಕೌಶಲದ ಆಟಗಳಿಗೆ 176ನೆಯ ಪ್ರಕರಣದಲ್ಲಿ ವಿನಾಯಿತಿ. ಅಧಿನಿಯಮದ ವ್ಯಾಖ್ಯೆಯಲ್ಲಿ ಲಾಟರಿ ಜೂಜಲ್ಲ. ಪಂದ್ಯದ ಮೈದಾನದೊಳಗೆ ಗೊತ್ತುಪಡಿಸಿದ ಆವರಣದಲ್ಲಿ ಕುದುರೆಯ ಮೇಲೆ ಕಟ್ಟುವ ಬಾಜಿಯೂ ಜೂಜಲ್ಲ. ಹೀಗೆ ಸರ್ಕಾರ ನಡೆಸುವ ಇಲ್ಲವೆ ಪರವಾನಗಿ ಕೊಡುವ ಆಟಗಳು ಹೊರಗುಳಿದು, ಉಳಿದವು ಅಪರಾಧವಾದವು. ಸಮಾಹ್ವಯವೆನಿಸಿದ್ದ ಕೋಳಿ, ಟಗರಿನ ಕಾಳಗಗಳಿಗೆ 1960ರ ಪ್ರಾಣಿಹಿಂಸೆ ತಡೆ ಅಧಿನಿಯಮವೂ ಅನ್ವಯವಾಯಿತು.

78ನೆಯ ಪ್ರಕರಣವು ಹತ್ತಿ, ಬೆಳ್ಳಿಬಂಗಾರ ಮೊದಲಾದ ಸರಕುಗಳ ಪೇಟೆದರದ ಅಂಕಿಗಳ ಮೇಲೆ ಪಣವೊಡ್ಡುವುದನ್ನು ಹೆಸರಿಸಿ ನಿಷೇಧಿಸುತ್ತದೆ. ಇದರ ಹಿಂದೆ ಮುಂಬಯಿಯ ಇತಿಹಾಸವಿದೆ. ನ್ಯೂಯಾರ್ಕಿನ ಹತ್ತಿ ಪೇಟೆಯ ಆರಂಭದ ಮತ್ತು ಮುಕ್ತಾಯದ ದರಗಳ ಮೇಲೆ ಮುಂಬಯಿಯಲ್ಲಿ ಪಣ ಕಟ್ಟಲಾಗುತ್ತಿತ್ತು. ಆ ದರಗಳು ಬರುವುದು 1961ರಲ್ಲಿ ನಿಂತುಹೋದ ಮೇಲೆ ಮಡಕೆಯಿಂದ ಚೀಟಿ ಎತ್ತುವ, ಬಳಿಕ ಇಸ್ಪೀಟಿನ ಎಲೆ ತೆಗೆಯುವ ಪದ್ಧತಿ ಬಂದಿತು. ಮಟಕಾ ಎಂಬ ಹೆಸರೇ ಮಡಕೆಯಿಂದ ಬಂದದ್ದು. 1962ರಲ್ಲಿ ಕಲ್ಯಾಣಜಿ ಭಗತ್ ಆರಂಭಿಸಿದ ಆಟ ಆತನ ಹೆಸರಿನಿಂದ ‘ಕಲ್ಯಾಣ ಮಟಕಾ’ ಎನಿಸಿತು. ಚಾಲುಕ್ಯರ ಕಲ್ಯಾಣಕ್ಕೂ ಇದಕ್ಕೂ ಹೆಸರಿನ ಹೋಲಿಕೆಯಲ್ಲದೆ ಬೇರೆ ಸಂಬಂಧವಿಲ್ಲ.

ಸಂಬಂಧವಿರುವುದು ದಾರಿಗೆ. ಮುಂಬಯಿ, ಪುಣೆ, ಸೊಲ್ಲಾಪುರಗಳಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ, ಹಿಂದಿನ 9ನೆಯ, ಇಂದಿನ 65ನೆಯ ರಾಷ್ಟ್ರೀಯ ಹೆದ್ದಾರಿ, ಬಸವಕಲ್ಯಾಣ ತಾಲೂಕನ್ನು ಹಾದು ಹುಮನಾಬಾದದ ಮೂಲಕ ಸಾಗುತ್ತದೆ. ಹುಮನಾಬಾದದಲ್ಲಿ ಅದಕ್ಕೆ ಬೀದರ–ಕಲಬುರಗಿ ರಸ್ತೆ ಕೂಡುತ್ತದೆ. ದುಡಿಮೆಗಾಗಿ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಹೋಗಿಬರುವ ಕುಟುಂಬಗಳು ಈ ಸೀಮೆಯಲ್ಲಿ ಹಲವು. ಸರಕು, ಸುದ್ದಿ, ಜನ ಸಾಗುವ ದಾರಿಯಲ್ಲಿ ಅಂಕಿಯ ಆಟವೂ ಸಾಗಿತು. ಚಹಾದಂಗಡಿ, ಪಾನ್‌ಡಬ್ಬಿ, ಬಸ್ ನಿಲ್ದಾಣಗಳ ಆಸುಪಾಸು ಚೀಟಿ ಬರೆಯುವವನ ಠಾವಾಯಿತು. ಮಟಕಾಕ್ಕೆ ಮನೆ ಬೇಕಿಲ್ಲ. ಒಂದು ಪೆನ್ನು, ಒಂದು ಚೀಟಿ ಸಾಕು. ಜೂಜುಮನೆಯನ್ನು ಗುರಿಯಾಗಿಟ್ಟುಕೊಂಡು ರಚಿತವಾದ ಕಾನೂನಿಗೆ ಇದು ಮೊದಲ ಸವಾಲು.

ಆಟದ ಲೆಕ್ಕವನ್ನು ಇಲ್ಲಿ ಪರಿಶೀಲಿಸುವುದು ಅಗತ್ಯ. ಮೂರು ಅಂಕಿಗಳನ್ನು ತೆಗೆದು ಕೂಡಿಸಿ ಮೊತ್ತದ ಕೊನೆಯ ಅಂಕಿಯನ್ನು ‘ಓಪನ್’ ಎನ್ನುತ್ತಾರೆ. ಎರಡನೆಯ ಸಲ ಬಂದದ್ದು ‘ಕ್ಲೋಸ್’. ಎರಡೂ ಸೇರಿ ‘ಜೋಡಿ’. ಜೋಡಿಗೆ 00ಯಿಂದ 99ರವರೆಗೆ ನೂರು ಸಾಧ್ಯತೆಗಳಿವೆ. ಕಲ್ಯಾಣ ಕರ್ನಾಟಕದ ಪೊಲೀಸ್ ಪ್ರಕರಣಗಳಲ್ಲಿ ಒಂದು ರೂಪಾಯಿಗೆ 80 ರೂಪಾಯಿ ಕೊಡುವ ಆಮಿಷದ ಮಾತು ಮತ್ತೆ ಮತ್ತೆ ಬರುತ್ತದೆ. ಈ ದರದಲ್ಲಿ ನೂರು ಜನ ನೂರು ಜೋಡಿಗಳ ಮೇಲೆ ಒಂದೊಂದು ರೂಪಾಯಿ ಕಟ್ಟಿದರೆ 80 ಹಿಂದಿರುಗುತ್ತದೆ, 20 ಆಡಿಸುವವನಿಗೆ ಉಳಿಯುತ್ತದೆ. ಯಾಜ್ಞವಲ್ಕ್ಯನ ಸಭಿಕನಿಗೆ ಗೆಲುವಿನಲ್ಲಿ ನೂರಕ್ಕೆ 5 ಅಥವಾ 10. ಮಟಕಾದವನಿಗೆ ಕಟ್ಟಿದ ಹಣದಲ್ಲಿಯೇ ನೂರಕ್ಕೆ 20. ಎರಡು ಲೆಕ್ಕಗಳ ಆಧಾರ ಒಂದೇ ಅಲ್ಲವಾದರೂ ದಿಕ್ಕು ಸ್ಪಷ್ಟವಾಗಿದೆ. ದಿನಕ್ಕೆ 10 ರೂಪಾಯಿಯಂತೆ ನೂರು ದಿನ ಕಟ್ಟಿದ ಕೂಲಿಕಾರನು ಸರಾಸರಿ ಲೆಕ್ಕದಲ್ಲಿ 200 ರೂಪಾಯಿ ಕಳೆದುಕೊಳ್ಳುವುದು ನಿಶ್ಚಿತ. ಗೆದ್ದವನಿಗೆ ಹಣ ಬರುವ ಖಾತರಿಯೂ ಇಲ್ಲ, ಬಾರದಿದ್ದರೆ ದೂರುವ ಸ್ಥಳವೂ ಇಲ್ಲ. ನಿಷೇಧವು ಆಟವನ್ನು ಅಳಿಸದೆ, ಸಭಿಕನ ಮೇಲಿದ್ದ ಕಟ್ಟುಪಾಡನ್ನು ಮಾತ್ರ ಅಳಿಸಿತು.

ಕಾನೂನಿನ ಕಾರ್ಯವಿಧಾನದಲ್ಲಿಯೂ ತೊಡಕಿತ್ತು. 78ನೆಯ ಪ್ರಕರಣದ ಮೂರನೆಯ ಉಪಪ್ರಕರಣದ ಅಪರಾಧವನ್ನು ನ್ಯಾಯಾಲಯಗಳು ಅಸಂಜ್ಞೇಯವೆಂದು ಪರಿಗಣಿಸಿದ್ದರಿಂದ ದಂಡಾಧಿಕಾರಿಯ ಅನುಮತಿಯಿಲ್ಲದೆ ತನಿಖೆ ನಡೆಸುವಂತಿರಲಿಲ್ಲ. ಈ ಕ್ರಮ ತಪ್ಪಿದ ಕಾರಣಕ್ಕೆ ಅನೇಕ ಪ್ರಕರಣಗಳು ಉಚ್ಚ ನ್ಯಾಯಾಲಯದಲ್ಲಿ ರದ್ದಾದವು. ಸಿಕ್ಕಿಬೀಳುತ್ತಿದ್ದವನು ಸಾಮಾನ್ಯವಾಗಿ ಚೀಟಿ ಬರೆಯುವವನು; ಆತನ ಮೇಲಿನ ಬುಕ್ಕಿ, ಬುಕ್ಕಿಯ ಮೇಲಿನ ಒಡೆಯ ದೂರದಲ್ಲಿಯೇ ಉಳಿಯುತ್ತಿದ್ದರು.

ರಾಜ್ಯವೇ ಸಭಿಕನಾದಾಗ: ಲಾಟರಿ

ಕರ್ನಾಟಕ ಸರ್ಕಾರ ಸ್ವತಃ ಲಾಟರಿ ನಡೆಸುತ್ತಿದ್ದ ಕಾಲದಲ್ಲಿ ಅರಸನ ಪಾಲಿನ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಮರಳಿತು. ಇಲ್ಲಿ ಸಭಿಕನೂ ಅರಸನೂ ಒಬ್ಬನೇ. ಹೊರರಾಜ್ಯಗಳ ಲಾಟರಿಗಳೂ ಪೇಟೆಗೆ ಬಂದವು. ಒಂದಂಕಿ ಲಾಟರಿಯು ಸರ್ಕಾರದ ಮುದ್ರೆಯುಳ್ಳ ಮಟಕಾದಂತೆಯೇ ಆಯಿತು. 1998ರ ಕೇಂದ್ರ ಲಾಟರಿ (ನಿಯಂತ್ರಣ) ಅಧಿನಿಯಮವು ಒಂದಂಕಿಯ ಆಧಾರದ ಬಹುಮಾನವನ್ನು ನಿಷೇಧಿಸಿತು, ಒಂದು ಲಾಟರಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ಇರಬಾರದೆಂದಿತು, ಹೊರರಾಜ್ಯಗಳ ಲಾಟರಿಯನ್ನು ತಡೆಯುವ ಅಧಿಕಾರವನ್ನು ರಾಜ್ಯಗಳಿಗೆ ನೀಡಿತು. ಆದರೆ 1999ರ ಬಿ.ಆರ್. ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಷರತ್ತನ್ನು ಸೇರಿಸಿತು: ತಾನೇ ಲಾಟರಿ ನಡೆಸುವ ರಾಜ್ಯವು ಇತರರ ಲಾಟರಿಯನ್ನು ನಿಷೇಧಿಸುವಂತಿಲ್ಲ. ಪಾಲುದಾರನು ನ್ಯಾಯಾಧೀಶನಾಗಲಾರನೆಂಬ ತತ್ತ್ವವೇ ಇದರಲ್ಲಿ ಅಡಕವಾಗಿದೆ.

2000ದ ನಂತರದ ವರ್ಷಗಳಲ್ಲಿ ಆನ್‌ಲೈನ್ ಲಾಟರಿ ಬಂದಿತು. ಅಂಗಡಿಯ ಮೇಜಿನ ಮೇಲೆ ಒಂದು ಯಂತ್ರ. ಕೊಳ್ಳುವವನು ತನಗೆ ಬೇಕಾದ ಅಂಕಿಗಳನ್ನು ಹೇಳಿದರೆ ದೂರದ ಕೇಂದ್ರದಲ್ಲಿ ನಮೂದಾಗಿ ಟಿಕೆಟು ಮುದ್ರಣವಾಗಿ ಬರುತ್ತಿತ್ತು. ಕಾಗದದ ಟಿಕೆಟಿಗಿಂತ ಇದು ವೇಗವಾದುದು, ಅಂಕಿಯ ಆಯ್ಕೆ ಆಡುವವನದೇ ಎಂಬ ಭ್ರಮೆ ಹುಟ್ಟಿಸುವಂಥದು. ಕೂಲಿಕಾರರ, ಸಣ್ಣ ಸಂಬಳದವರ ಕುಟುಂಬಗಳು ಸಾಲದಲ್ಲಿ ಮುಳುಗಿದ ವರದಿಗಳು ರಾಜ್ಯದ ಎಲ್ಲೆಡೆಯಿಂದ ಬಂದವು. 2007ರಲ್ಲಿ ಕರ್ನಾಟಕವು ತನ್ನ ಲಾಟರಿಯನ್ನು ನಿಲ್ಲಿಸಿ, ಆದಾಯವನ್ನು ಬಿಟ್ಟುಕೊಟ್ಟು, ಇತರ ರಾಜ್ಯಗಳ ಲಾಟರಿಯನ್ನೂ ನಿಷೇಧಿಸಿತು. ರಾಜ್ಯವು ಸಭಿಕನ ಪಾತ್ರದಿಂದ ಹೊರಬಂದ ಈ ಕ್ರಮ ಕರ್ನಾಟಕದ ಜೂಜು ನೀತಿಯ ಇತಿಹಾಸದಲ್ಲಿ ಮುಖ್ಯ ಘಟ್ಟ. ಆದರೆ ಮಹಾರಾಷ್ಟ್ರ ಸರ್ಕಾರದ ಲಾಟರಿ ಆಮೇಲೆಯೂ ನಡೆಯುತ್ತಿದ್ದುದರಿಂದ ಬಸವಕಲ್ಯಾಣದಂಥ ಗಡಿ ತಾಲೂಕಿನವರಿಗೆ ನಿಷೇಧಿತ ವಸ್ತುವೂ ಕಾನೂನುಬದ್ಧ ವಸ್ತುವೂ ಕೆಲವೇ ಮೈಲಿಗಳ ಅಂತರದಲ್ಲಿದ್ದವು.

ಯಂತ್ರದೊಳಗಿನ ದಾಳ

ಯಂತ್ರದ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಕರ್ನಾಟಕದ ಪ್ರಕರಣ ಎಂ.ಜೆ. ಶಿವಾನಿ ಮತ್ತು ಕರ್ನಾಟಕ ರಾಜ್ಯ. ಪೊಲೀಸ್ ಅಧಿನಿಯಮದ 31ನೆಯ ಪ್ರಕರಣವು ಸಾರ್ವಜನಿಕ ವಿನೋದ ಸ್ಥಳಗಳಿಗೆ ಪರವಾನಗಿ ವಿಧಿಸುವ ಅಧಿಕಾರವನ್ನು ಪೊಲೀಸ್ ಆಯುಕ್ತರಿಗೂ ಜಿಲ್ಲಾ ದಂಡಾಧಿಕಾರಿಗಳಿಗೂ ನೀಡುತ್ತದೆ. ಅದರನ್ವಯ ವಿಡಿಯೊ ಗೇಮ್ ಕೇಂದ್ರಗಳಿಗೂ ಪರವಾನಗಿ ಕಡ್ಡಾಯವೆಂದಾಗ ಕೇಂದ್ರಗಳನ್ನು ನಡೆಸುವವರು ಪ್ರಶ್ನಿಸಿದರು. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿಯಂತ್ರಣವನ್ನು ಎತ್ತಿಹಿಡಿಯಿತು. ಅದೃಷ್ಟವೇ ಪ್ರಧಾನವಾದ ಯಂತ್ರದಾಟ ಜೂಜೇ. ಕೌಶಲದ್ದೆಂದು ಹೇಳಿಕೊಳ್ಳುವ ಯಂತ್ರವನ್ನೂ ಒಳಗೆ ತಿದ್ದಿ ಆಡುವವನ ಕೌಶಲ ಫಲಿಸದಂತೆ ಮಾಡಬಹುದು. ಆದ್ದರಿಂದ ಪರವಾನಗಿ ಮತ್ತು ತಪಾಸಣೆ ಅಗತ್ಯ ಎಂಬುದು ತೀರ್ಪಿನ ಸಾರ.

ಇದು ವಿಜ್ಞಾನೇಶ್ವರನು ಚರ್ಚಿಸಿದ ಕೂಟಾಕ್ಷದ, ಮೋಸದ ದಾಳದ ಪ್ರಶ್ನೆಯೇ. ವ್ಯತ್ಯಾಸವಿಷ್ಟೆ: ದಾಳವನ್ನು ಕೈಯಲ್ಲಿ ಹಿಡಿದು ನೋಡಬಹುದಿತ್ತು, ಸಂಶಯವಿದ್ದರೆ ಒಡೆದು ನೋಡಬಹುದಿತ್ತು. ಯಾಜ್ಞವಲ್ಕ್ಯನ ವ್ಯವಸ್ಥೆಯಲ್ಲಿ ಆಟದ ವಿವಾದಗಳಿಗೆ ಆಟ ಬಲ್ಲವರೇ ಸಾಕ್ಷಿಗಳು, ಅವರೇ ಪರೀಕ್ಷಕರು. ಯಂತ್ರದ ಮುಂದೆ ಕುಳಿತವನಿಗೆ ಸಾಕ್ಷಿಯಿಲ್ಲ. ಎದುರಾಳಿಯೂ ಕಾಣುವುದಿಲ್ಲ, ಸಭಿಕನೂ ಕಾಣುವುದಿಲ್ಲ.

ಇತರೆಡೆಯ ಅನುಭವಗಳು ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತವೆ. ನೆರೆಯ ಗೋವಾ 1976ರ ತನ್ನ ಕಾಯಿದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಜೂಜಿನ ಯಂತ್ರಗಳಿಗೆ ಅವಕಾಶ ನೀಡಿತು. ಬ್ರಿಟನ್ 1960ರ ಕಾನೂನಿನ ಮೂಲಕ ಬಾಜಿ ಅಂಗಡಿಗಳನ್ನು ಸಕ್ರಮಗೊಳಿಸಿತು. 1961ರ ಮೇ ತಿಂಗಳಲ್ಲಿ ಅವು ತೆರೆದವು. ಕಾಲಾನಂತರದಲ್ಲಿ ಆ ಅಂಗಡಿಗಳಿಗೆ ರೂಲೆಟ್ ಆಡಿಸುವ ಯಂತ್ರಗಳು ಬಂದವು. 37 ಮನೆಗಳ ರೂಲೆಟ್ಟಿನಲ್ಲಿ ಆಡಿಸುವವನ ಪಾಲು ನೂರಕ್ಕೆ 2.7 ಮಾತ್ರ, ಯಾಜ್ಞವಲ್ಕ್ಯನ ಸಭಿಕನಿಗಿಂತಲೂ ಕಡಿಮೆ. ಆದರೆ 20 ಸೆಕೆಂಡಿಗೊಮ್ಮೆ 100 ಪೌಂಡು ಕಟ್ಟಬಹುದಾಗಿದ್ದ ಕಾರಣ ಆ ಅಲ್ಪ ಪಾಲೇ ಮನೆಗಳನ್ನು ಬರಿದು ಮಾಡಿತು. ದೀರ್ಘ ಚರ್ಚೆಯ ಬಳಿಕ 2019ರ ಏಪ್ರಿಲ್ 1ರಿಂದ ಪಣದ ಗರಿಷ್ಠ ಮಿತಿಯನ್ನು 100ರಿಂದ 2 ಪೌಂಡಿಗೆ ಇಳಿಸಲಾಯಿತು. ಪಾಲಿಗೆ ಮಿತಿ ಹಾಕಿದರೆ ಸಾಲದು, ವೇಗಕ್ಕೂ ಪಣಕ್ಕೂ ಮಿತಿ ಬೇಕೆಂಬ ಪಾಠ ಯಂತ್ರಯುಗದ್ದು. ಕೈಯಿಂದ ದಾಳ ಹಾಕುವ ಕಾಲದ ಶಾಸ್ತ್ರಕಾರರಿಗೆ ಅದು ತೋರುವ ಸಂಭವವಿರಲಿಲ್ಲ.

ಮೊಬೈಲ್ ಆಟಗಳು ಮತ್ತು ಇತ್ತೀಚಿನ ಕಾನೂನು

ಸ್ಮಾರ್ಟ್‌ಫೋನ್ ಮತ್ತು 2016ರಲ್ಲಿ ಆರಂಭವಾದ ಯುಪಿಐ ಪಾವತಿಯೊಡನೆ ಯಂತ್ರವು ಅಂಗಡಿಯಿಂದ ಅಂಗೈಗೆ ಬಂದಿತು. 2021ರಲ್ಲಿ ಕರ್ನಾಟಕವು ಪೊಲೀಸ್ ಅಧಿನಿಯಮಕ್ಕೆ ತಿದ್ದುಪಡಿ ತಂದು ಹಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕೌಶಲದ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದೆಯೆಂಬುದು ಮುಖ್ಯ ಆಕ್ಷೇಪವಾಗಿತ್ತು. 2022ರ ಫೆಬ್ರವರಿ 14ರಂದು ಕರ್ನಾಟಕ ಉಚ್ಚ ನ್ಯಾಯಾಲಯವು ತಿದ್ದುಪಡಿಯ ಮುಖ್ಯ ಭಾಗಗಳನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿತು. ಸಿಕಂದರಾಬಾದಿನ ಕ್ಲಬ್ಬಿನಲ್ಲಿ ಪರಿಚಿತರು ಸುತ್ತ ಕುಳಿತು ಆಡಿದ ರಮ್ಮಿಗಾಗಿ ಹುಟ್ಟಿದ ತತ್ತ್ವ, ಅಪರಿಚಿತರು ರಾತ್ರಿಯಿಡೀ ಆಡಬಹುದಾದ ಯಂತ್ರದ ರಮ್ಮಿಗೂ ರಕ್ಷಣೆಯಾಯಿತು. ರಾಜ್ಯವು ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿತು.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 112ನೆಯ ಪ್ರಕರಣವು ಗುಂಪಿನ ಭಾಗವಾಗಿ ನಡೆಸುವ ಅನಧಿಕೃತ ಬಾಜಿ ಮತ್ತು ಜೂಜನ್ನು ಸಣ್ಣಪ್ರಮಾಣದ ಸಂಘಟಿತ ಅಪರಾಧಗಳ ಸಾಲಿಗೆ ಸೇರಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಪ್ರೋತ್ಸಾಹ ಮತ್ತು ನಿಯಂತ್ರಣ ಅಧಿನಿಯಮವನ್ನು ಅಂಗೀಕರಿಸಿತು. 22ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಕೌಶಲ, ಅದೃಷ್ಟ ಎಂಬ ಭೇದವನ್ನು ಬದಿಗಿಟ್ಟು ಹಣದ ಆನ್‌ಲೈನ್ ಆಟಗಳನ್ನೆಲ್ಲ ಅದು ನಿಷೇಧಿಸುತ್ತದೆ. ಆಟ ಒದಗಿಸುವವರಿಗೆ 3 ವರ್ಷಗಳವರೆಗೆ ಸೆರೆ, 1 ಕೋಟಿ ರೂಪಾಯಿಯವರೆಗೆ ದಂಡ. ಜಾಹೀರಾತು ನೀಡುವವರೂ ಹಣ ಸಾಗಿಸುವ ಸಂಸ್ಥೆಗಳೂ ಶಿಕ್ಷಾರ್ಹ. ಆಡುವವನಿಗೆ ಶಿಕ್ಷೆಯಿಲ್ಲ. ಈ ಅಧಿನಿಯಮದ ಸಿಂಧುತ್ವವನ್ನೂ ನ್ಯಾಯಾಲಯಗಳಲ್ಲಿ ಪ್ರಶ್ನಿಸಲಾಯಿತು. ಆದರೂ ಆಡುವವನನ್ನು ಬಿಟ್ಟು ಆಡಿಸುವವನನ್ನು ಹಿಡಿಯುವ ಅದರ ನಿಲುವು 1305 ಫಸಲಿಯ ಕಾಯಿದೆಯಿಂದ ನಡೆದುಬಂದ ದಾರಿಗಿಂತ ಭಿನ್ನವಾದುದು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಕಲ್ಯಾಣದ ಮಿತಾಕ್ಷರವು ಜೂಜನ್ನು ಹೊಗಳಲಿಲ್ಲ, ಕುರುಡಾಗಿ ನಿಷೇಧಿಸಲೂ ಇಲ್ಲ. ಆಟಗಾರನನ್ನು ಬಿಟ್ಟು ಸಭಿಕನನ್ನು, ಆತನ ಪಾಲನ್ನು ಮತ್ತು ಆತನ ದಾಳವನ್ನು ಅದು ಕಾನೂನಿನ ಕೇಂದ್ರದಲ್ಲಿರಿಸಿತು. 19ನೆಯ ಶತಮಾನದ ಕೊನೆಯಿಂದ ಬಂದ ಕಾಯಿದೆಗಳು ಆಡುವವನನ್ನೂ ಅಪರಾಧಿಯಾಗಿಸಿದವು. ಫಲವಾಗಿ ಮರದ ಕೆಳಗೆ ‘ಅಂದರ್ ಬಾಹರ್’ ಆಡಿದವರ, ಚೀಟಿ ಬರೆದವರ ಹೆಸರುಗಳು ಠಾಣೆಯ ದಾಖಲೆಗಳಲ್ಲಿ ತುಂಬಿದವು. ಆಡಿಸಿದವರ ಹೆಸರುಗಳು ಅಪರೂಪವಾದವು. ಲಾಟರಿಯ ಅನುಭವವು ಮಿತಾಕ್ಷರ ವ್ಯವಸ್ಥೆಯ ಕೊರತೆಯನ್ನೂ ತೋರಿಸಿಕೊಟ್ಟಿತು. ರಾಜ್ಯವು ಪಾಲು ಪಡೆಯುವವರೆಗೆ ಅದರ ಮೇಲ್ವಿಚಾರಣೆ ನಿಷ್ಪಕ್ಷಪಾತವಾಗಿರುವುದು ಕಷ್ಟ. ಆದುದರಿಂದ ವಿಜ್ಞಾನೇಶ್ವರನ ವ್ಯವಸ್ಥೆಯಿಂದ ಮೇಲ್ವಿಚಾರಣೆಯನ್ನು ಸ್ವೀಕರಿಸಿ ಪಾಲುಗಾರಿಕೆಯನ್ನು ಬಿಡುವುದು ವಿವೇಕವೆನಿಸುತ್ತದೆ.

2025ರ ಅಧಿನಿಯಮವು ಆಡುವವನನ್ನು ದಂಡನೆಯಿಂದ ಹೊರಗಿಟ್ಟಿದ್ದರೆ, 1963ರ ಅಧಿನಿಯಮದಲ್ಲಿ ಜೂಜುಮನೆಯಲ್ಲಿ ಸಿಕ್ಕವನೂ ಬೀದಿಯಲ್ಲಿ ಆಡಿದವನೂ ದಂಡನೀಯರು. ಫೋನಿನಲ್ಲಿ ಸಾವಿರಗಳನ್ನು ಕಳೆದುಕೊಂಡವನು ಕಾನೂನಿನ ಕಣ್ಣಿನಲ್ಲಿ ನೊಂದವನು. ಹುಮನಾಬಾದದ ಬಸ್ ನಿಲ್ದಾಣದ ಬಳಿ ಹತ್ತು ರೂಪಾಯಿ ಕಟ್ಟಿ ಸಿಕ್ಕಿಬಿದ್ದವನು ಆರೋಪಿ. ಈ ಅಸಮಾನತೆಯನ್ನು ನಿವಾರಿಸುವುದು ಮತ್ತು ಮೂರು ರಾಜ್ಯಗಳ ಗಡಿ ತಾಲೂಕುಗಳಲ್ಲಿ ಆಡಿಸುವವನನ್ನು ಹಿಂಬಾಲಿಸಬಲ್ಲ ಸಮಾನ ಕ್ರಮವನ್ನು ರೂಪಿಸುವುದು ಶಾಸಕಾಂಗಗಳ ಮುಂದಿರುವ ಕೆಲಸ. ಅದನ್ನು ಕೈಗೊಳ್ಳುವವರಿಗೆ ಇಂಗ್ಲೆಂಡಿನ ಮಾದರಿಗಳು ಎಷ್ಟು ಪ್ರಯೋಜನಕಾರಿಯೋ ಕಲ್ಯಾಣದಲ್ಲಿ ರಚಿತವಾದ ದ್ಯೂತಪ್ರಕರಣವೂ ಅಷ್ಟೇ ಪ್ರಯೋಜನಕಾರಿಯೆಂದು ಹೇಳಬಹುದು.